ಒಂದು ಲೀಟರ್ ಡೀಸೆಲ್ ಎಷ್ಟು ಕೆಲಸ ಮಾಡುತ್ತದೆ?



"ಈ ಎಂಜಿನ್ ಬಾಳ ಎಣ್ಣಿ ಕುಡಿತೈತ್ರಿ" ಎಂಬ ಮಾತು ನಮ್ಮ ಜತ್ ತಾಲೂಕಿನಲ್ಲಿ ಯಾರ ಬಾಯಲ್ಲಾದರೂ ಕೇಳಿಸುತ್ತದೆ. ಬಾವಿಗೆ ಎಂಜಿನ್ ಕೂಡಿಸಿದ ರೈತ ಹೇಳುತ್ತಾನೆ, ಮದುವೆಗೆ ಜನರೇಟರ್ ಬಾಡಿಗೆ ಕೊಡುವವನು ಹೇಳುತ್ತಾನೆ, ಟ್ರ್ಯಾಕ್ಟರ್ ಇಟ್ಟವನೂ ಹೇಳುತ್ತಾನೆ. ಆದರೆ "ಬಾಳ" ಅಂದರೆ ಎಷ್ಟು? ಕುಡಿದ ಎಣ್ಣೆಗೆ ತಕ್ಕಷ್ಟು ಕೆಲಸ ಮಾಡಿತೋ ಇಲ್ಲವೋ? ಇದಕ್ಕೆ ಉತ್ತರ ಹೇಳಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದು ಅಳತೆಯ ಡಬ್ಬಿ, ಒಂದು ಗಡಿಯಾರ, ಒಂದು ಬಕೆಟ್, ಒಂದು ಉಷ್ಣತಾಮಾಪಕ, ಜೊತೆಗೆ ನೀವು ಕಲಿತ ಗುಣಾಕಾರ ಭಾಗಾಕಾರ ಸಾಕು. ದೊಡ್ಡ ವಿದ್ಯುತ್ ಕೇಂದ್ರಗಳಲ್ಲಿ ಎಂಜಿನಿಯರುಗಳು ಮಾಡುವ ಲೆಕ್ಕವೂ ಮೂಲದಲ್ಲಿ ಇದೇ.

ಲೀಟರಿನಲ್ಲಿ ಹತ್ತು ಯೂನಿಟ್

ಮೊದಲು ಡೀಸೆಲ್ ಒಳಗೆ ಎಷ್ಟು ಶಕ್ತಿ ಇದೆ ಎಂದು ತಿಳಿಯಬೇಕು. ಒಂದು ಕಿಲೋಗ್ರಾಂ ಇಂಧನ ಪೂರ್ತಿ ಉರಿದಾಗ ಹೊರಬರುವ ಉಷ್ಣಕ್ಕೆ ಅದರ ಕ್ಯಾಲೊರಿ ಮೌಲ್ಯ ಎನ್ನುತ್ತಾರೆ. ಡೀಸೆಲ್‌ಗೆ ಇದು ಸುಮಾರು 43 ಮೆಗಾಜೂಲ್. ನಾವು ಡೀಸೆಲ್ ಕೊಳ್ಳುವುದು ಮಾತ್ರ ಲೀಟರ್ ಲೆಕ್ಕದಲ್ಲಿ. ಒಂದು ಲೀಟರ್ ಡೀಸೆಲ್ ಸುಮಾರು 0.84 ಕಿಲೋಗ್ರಾಂ ತೂಗುತ್ತದೆ. ಹಾಗಾದರೆ

0.84 × 43 = ಸುಮಾರು 36 ಮೆಗಾಜೂಲ್.

ನಮ್ಮ ಮನೆಯ ಕರೆಂಟಿನ ಮೀಟರ್ ಓಡುವುದು ಯೂನಿಟ್ ಲೆಕ್ಕದಲ್ಲಿ. ಒಂದು ಯೂನಿಟ್ ಅಂದರೆ ಒಂದು ಕಿಲೋವಾಟ್-ಗಂಟೆ, ಅಂದರೆ 3.6 ಮೆಗಾಜೂಲ್. 36 ಅನ್ನು 3.6ರಿಂದ ಭಾಗಿಸಿದರೆ 10. ಎಷ್ಟು ಸುಲಭ ನೋಡಿ: ಒಂದು ಲೀಟರ್ ಡೀಸೆಲ್ ಅಂದರೆ ಹತ್ತು ಯೂನಿಟ್ ಶಕ್ತಿ. ಈ ಒಂದು ಮಾತು ನೆನಪಿಟ್ಟರೆ ಮುಂದಿನ ಲೆಕ್ಕವೆಲ್ಲ ಬಾಯಲ್ಲೇ ಮಾಡಬಹುದು.

ಆದರೆ ಹತ್ತು ಯೂನಿಟ್ ಹಾಕಿದರೆ ಹತ್ತೂ ಯೂನಿಟ್ ಕೆಲಸ ಸಿಗುವುದಿಲ್ಲ. ಹಾಕಿದ್ದರಲ್ಲಿ ಎಷ್ಟು ಪಾಲು ಉಪಯೋಗಕ್ಕೆ ಬಂತು ಎಂಬುದೇ ದಕ್ಷತೆ.

ದಕ್ಷತೆ = (ಸಿಕ್ಕ ಶಕ್ತಿ ÷ ಕೊಟ್ಟ ಶಕ್ತಿ) × 100

ಕಿಡಿ ಇಲ್ಲದ ಬೆಂಕಿ

ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಇರುವುದಿಲ್ಲ. ಅಲ್ಲಿ ಪಿಸ್ಟನ್ ಮೊದಲು ಬರೀ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಂತರ ಆ ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನಾರರಿಂದ ಇಪ್ಪತ್ತನೇ ಒಂದು ಭಾಗಕ್ಕೆ ಒತ್ತುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿದ್ದೀರಲ್ಲ? ಇಲ್ಲೂ ಅದೇ ಆಗುತ್ತದೆ, ಆದರೆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆಗ ನಾಝಲ್‌ನಿಂದ ಡೀಸೆಲ್ ಮಂಜಿನಂತೆ ಚಿಮ್ಮುತ್ತದೆ ಮತ್ತು ತಾನೇ ಹೊತ್ತಿಕೊಳ್ಳುತ್ತದೆ. ಉರಿದ ಅನಿಲ ಹಿಗ್ಗಿ ಪಿಸ್ಟನ್ ಅನ್ನು ಕೆಳಗೆ ದೂಡುತ್ತದೆ. ಕೊನೆಗೆ ಹೊಗೆ ಹೊರಗೆ. ಎಳೆ, ಒತ್ತು, ದೂಡು, ಹೊರಹಾಕು – ಈ ನಾಲ್ಕು ಹೊಡೆತಗಳಲ್ಲಿ ಕೆಲಸ ಕೊಡುವುದು ಒಂದೇ ಹೊಡೆತ.

ಹೆಚ್ಚು ಒತ್ತಿದಷ್ಟೂ ದಕ್ಷತೆ ಹೆಚ್ಚು. ಇದನ್ನು ಲೆಕ್ಕ ಹಾಕಿಯೇ ಜರ್ಮನಿಯ ರುಡಾಲ್ಫ್ ಡೀಸೆಲ್ ಹೊಸ ಎಂಜಿನ್ ಕಟ್ಟಲು ಹೊರಟದ್ದು. 1897ರ ಫೆಬ್ರವರಿ 17ರಂದು ಆಗ್ಸ್‌ಬರ್ಗ್ ನಗರದಲ್ಲಿ ಪ್ರೊ. ಮೊರಿಟ್ಜ್ ಶ್ರೋಟರ್ ಆ ಎಂಜಿನ್ನಿನ ಪರೀಕ್ಷೆ ನಡೆಸಿದರು. ಒಂದು ಕಿಲೋವಾಟ್-ಗಂಟೆ ಕೆಲಸಕ್ಕೆ ಅದು 324 ಗ್ರಾಂ ಎಣ್ಣೆ ಉರಿಸಿತು. ದಕ್ಷತೆ ನೂರಕ್ಕೆ 26.2 ಬಂತು. ಅಂದಿನ ಉಗಿ ಎಂಜಿನ್‌ಗಳು ಸಾಮಾನ್ಯವಾಗಿ ನೂರಕ್ಕೆ ಹತ್ತರ ಆಸುಪಾಸಿನಲ್ಲೇ ಇದ್ದವು. ಹಾಗಾಗಿ ಆ ಒಂದು ಅಂಕಿ ಜಗತ್ತಿನ ಕಾರ್ಖಾನೆ, ಹಡಗು, ಹೊಲಗಳನ್ನೆಲ್ಲ ಬದಲಿಸಿತು.

ಈ ಕಥೆಗೆ ನಮ್ಮ ಜಿಲ್ಲೆಯ ನಂಟೂ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಇಂದಿನ ಸಾಂಗ್ಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಬ್ಬಿಣದ ನೇಗಿಲಿನಿಂದ ಹೆಸರಾದ ಆ ಊರು ಮುಂದೆ ಪಂಪ್‌ಗಳ ಊರಾಯಿತು. 1946ರಲ್ಲಿ ಅದೇ ಮನೆತನದವರು ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಶುರು ಮಾಡಿದರು.

ಜನರೇಟರಿನ ಪರೀಕ್ಷೆ

ಈಗ ಲೆಕ್ಕಕ್ಕೆ ಬರೋಣ. ಒಂದು ಮಂಗಲ ಕಾರ್ಯಾಲಯದ ಹಳೆಯ ಜನರೇಟರ್ ಇದೆ ಎಂದು ತಿಳಿಯಿರಿ. ಟಾಕಿಯ ನೀರು ಒಂದು ಕಡೆಯಿಂದ ಒಳಹೋಗಿ ಬಿಸಿಯಾಗಿ ಇನ್ನೊಂದು ಕಡೆ ಹೊರಬರುವ ಮಾದರಿ. ಡೀಸೆಲ್ ಟ್ಯಾಂಕನ್ನು ಗುರುತಿನವರೆಗೆ ತುಂಬಿ, ಮೀಟರಿನ ಅಂಕಿ ಬರೆದುಕೊಂಡು, ಪೂರ್ತಿ ಲೋಡ್ ಕೊಟ್ಟು ಸರಿಯಾಗಿ ಒಂದು ಗಂಟೆ ಓಡಿಸಿದರು. ನಿಲ್ಲಿಸಿ ತಣ್ಣಗಾದ ಮೇಲೆ ಮತ್ತೆ ಅದೇ ಗುರುತಿಗೆ ತುಂಬಲು 3 ಲೀಟರ್ ಡೀಸೆಲ್ ಹಿಡಿಯಿತು. ಮೀಟರ್ 8.4 ಯೂನಿಟ್ ತೋರಿಸಿತು.

ಕೊಟ್ಟ ಶಕ್ತಿ: 3 × 10 = 30 ಯೂನಿಟ್
ಸಿಕ್ಕ ಶಕ್ತಿ: 8.4 ಯೂನಿಟ್
ಒಟ್ಟು ದಕ್ಷತೆ: 8.4 ÷ 30 = ನೂರಕ್ಕೆ 28

ಇದು ಎಂಜಿನ್ ಮತ್ತು ಆಲ್ಟರ್ನೇಟರ್ ಎರಡೂ ಸೇರಿದ ಲೆಕ್ಕ. ಎಂಜಿನ್ ತಿರುಗಿಸಿದ್ದನ್ನು ಕರೆಂಟ್ ಮಾಡುವಾಗ ಆಲ್ಟರ್ನೇಟರೂ ಸ್ವಲ್ಪ ಕಳೆಯುತ್ತದೆ. ಅದರ ದಕ್ಷತೆ ನೂರಕ್ಕೆ 87.5 ಎಂದು ಹಿಡಿದರೆ, ಎಂಜಿನ್ನಿನ ದಂಡ ಕೊಟ್ಟದ್ದು 8.4 ÷ 0.875 = 9.6 ಯೂನಿಟ್. ಒಂದು ಗಂಟೆಯಲ್ಲಿ 9.6 ಯೂನಿಟ್ ಅಂದರೆ 9.6 ಕಿಲೋವಾಟ್. ದಂಡದ ಮೇಲೆ ಸಿಗುವ ಈ ಸಾಮರ್ಥ್ಯಕ್ಕೆ ಬ್ರೇಕ್ ಪವರ್ ಎನ್ನುತ್ತಾರೆ. ಹಿಂದೆ ಎಂಜಿನ್ನಿನ ಚಕ್ರಕ್ಕೆ ಹಗ್ಗ ಸುತ್ತಿ, ತೂಕ ಕಟ್ಟಿ, ಬ್ರೇಕ್ ಹಾಕಿದಂತೆ ಹಿಡಿದು ಅಳೆಯುತ್ತಿದ್ದರು, ಅದಕ್ಕೇ ಆ ಹೆಸರು. ನಮ್ಮ ಎಂಜಿನ್ನಿನ ದಕ್ಷತೆ 9.6 ÷ 30 = ನೂರಕ್ಕೆ 32.

ಎಂಜಿನಿಯರುಗಳು ಇನ್ನೊಂದು ರೀತಿಯಲ್ಲೂ ಹೇಳುತ್ತಾರೆ: ಒಂದು ಕಿಲೋವಾಟ್-ಗಂಟೆಗೆ ಎಷ್ಟು ಗ್ರಾಂ ಇಂಧನ? 3 ಲೀಟರ್ ಅಂದರೆ 2.52 ಕಿಲೋಗ್ರಾಂ. 2.52 ÷ 9.6 = 0.2625, ಅಂದರೆ ಸುಮಾರು 262 ಗ್ರಾಂ. ರುಡಾಲ್ಫ್ ಡೀಸೆಲ್ಲನ 324 ಗ್ರಾಂ ಜೊತೆ ಹೋಲಿಸಿ ನೋಡಿ. ಈ ಅಂಕಿ ಕಡಿಮೆ ಇದ್ದಷ್ಟೂ ಎಂಜಿನ್ ಒಳ್ಳೆಯದು.

ಉಳಿದ 68 ಎಲ್ಲಿ ಹೋಯಿತು?

ಶಕ್ತಿ ನಾಶವಾಗುವುದಿಲ್ಲ ಎಂದು ಓದಿದ್ದೀರಿ. ಹಾಗಿದ್ದರೆ 30 ಯೂನಿಟ್‌ನಲ್ಲಿ 9.6 ಕಳೆದು ಉಳಿದ 20.4 ಯೂನಿಟ್‌ನ ಲೆಕ್ಕ ಕೊಡಬೇಕು. ಅಂಗಡಿಯ ಜಮಾ-ಖರ್ಚಿನ ವಹಿಯಂತೆ ಎಂಜಿನ್ನಿಗೂ ಒಂದು ಉಷ್ಣದ ವಹಿ ಬರೆಯಬಹುದು.

ಮೊದಲು ತಂಪು ಮಾಡುವ ನೀರು. ಹೊರಬರುವ ಬಿಸಿನೀರಿಗೆ 15 ಲೀಟರ್ ಬಕೆಟ್ ಇಟ್ಟರೆ ಮೂರೂವರೆ ನಿಮಿಷದಲ್ಲಿ ತುಂಬಿತು. ಅಂದರೆ ಗಂಟೆಗೆ ಸುಮಾರು 257 ಲೀಟರ್. ಒಳಹೋಗುವ ನೀರು 25 ಡಿಗ್ರಿ, ಹೊರಬರುವ ನೀರು 55 ಡಿಗ್ರಿ. ಏರಿಕೆ 30 ಡಿಗ್ರಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಕಿಲೋಜೂಲ್ ಬೇಕು. ಆದ್ದರಿಂದ

257 × 4.2 × 30 = ಸುಮಾರು 32,400 ಕಿಲೋಜೂಲ್ = 9 ಯೂನಿಟ್.

ಒಂದು ಬಕೆಟ್ ಮತ್ತು ಉಷ್ಣತಾಮಾಪಕದಿಂದ ಎಂಜಿನ್ನಿನ ಅತಿದೊಡ್ಡ ಸೋರಿಕೆಗಳಲ್ಲಿ ಒಂದನ್ನು ಹಿಡಿದೆವು! ಬಿಸಿ ಹೊಗೆಯ ಜೊತೆ ಹೋಗುವುದೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ, 9 ಯೂನಿಟ್ ಎನ್ನೋಣ. ಈಗ ವಹಿ ಹೀಗೆ:

ದಂಡದ ಕೆಲಸ – 9.6 ಯೂನಿಟ್ (ನೂರಕ್ಕೆ 32)
ತಂಪು ಮಾಡುವ ನೀರು – 9 ಯೂನಿಟ್ (30)
ಬಿಸಿ ಹೊಗೆ – 9 ಯೂನಿಟ್ (30)
ಮೈಯಿಂದ ಸುತ್ತಲ ಗಾಳಿಗೆ ಮತ್ತು ಇತರೆ – 2.4 ಯೂನಿಟ್ (8)
ಒಟ್ಟು – 30 ಯೂನಿಟ್ (100)

"ಸರ್, ನೀರು ಹಾಕದಿದ್ದರೆ 9 ಯೂನಿಟ್ ಉಳೀತದಲ್ರಿ?" ಎಂದು ನೀವು ಕೇಳಬಹುದು. ನೀರು ನಿಲ್ಲಿಸಿದರೆ ಪಿಸ್ಟನ್ ಹಿಗ್ಗಿ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಎಂಜಿನ್ ಜಾಮ್ ಆಗುತ್ತದೆ. ಹಾಗಂತ ಬಾವಿಯ ತಣ್ಣೀರನ್ನು ರಭಸದಿಂದ ಹರಿಸುವುದೂ ತಪ್ಪು. ಎಂಜಿನ್ ಅತಿ ತಣ್ಣಗಿದ್ದರೆ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಎಣ್ಣೆ ಖರ್ಚು ಏರುತ್ತದೆ. ಹೊರಬರುವ ನೀರು ಚೆನ್ನಾಗಿ ಬಿಸಿ ಇರಬೇಕು, ಆದರೆ ಕುದಿಯಬಾರದು.

ಇನ್ನು, ಎಷ್ಟೇ ಜಾಣತನದಿಂದ ಕಟ್ಟಿದರೂ ನೂರಕ್ಕೆ ನೂರು ದಕ್ಷತೆ ಸಾಧ್ಯವಿಲ್ಲ. ಉಷ್ಣದಿಂದ ಕೆಲಸ ಪಡೆಯುವ ಯಾವ ಯಂತ್ರವೂ ಒಂದಷ್ಟು ಉಷ್ಣವನ್ನು ತಂಪಾದ ಕಡೆಗೆ ಬಿಡಲೇಬೇಕು. ಇದು ನಿಸರ್ಗದ ನಿಯಮ, ಫಿಟ್ಟರನ ತಪ್ಪಲ್ಲ. ಆದರೆ ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿ, ನಾಝಲ್ ಸವೆದು ಕಪ್ಪು ಹೊಗೆ ಬರುತ್ತಿದ್ದರೆ ಅದು ಖಂಡಿತ ನಮ್ಮ ತಪ್ಪು. ಕಪ್ಪು ಹೊಗೆ ಅಂದರೆ ಉರಿಯದೆ ಉಳಿದ ಇಂಗಾಲ, ದುಡ್ಡು ಕೊಟ್ಟು ಕೊಂಡ ಇಂಧನ.

ದೊಡ್ಡ ಎತ್ತಿಗೆ ಸಣ್ಣ ಹೊರೆ

ಅದೇ ಜನರೇಟರನ್ನು ಲೋಡ್ ಇಲ್ಲದೆ ಓಡಿಸಿದರೂ ಎಣ್ಣೆ ಉರಿಯುತ್ತದೆ. ತನ್ನದೇ ಪಿಸ್ಟನ್, ಚಕ್ರ, ಪಂಪ್‌ಗಳನ್ನು ತಿರುಗಿಸಲಿಕ್ಕಾದರೂ ಎಣ್ಣೆ ಬೇಕಲ್ಲ. ಲೋಡ್ ಇಲ್ಲದಾಗ ಗಂಟೆಗೆ 1 ಲೀಟರ್, ಪೂರ್ತಿ ಲೋಡ್‌ಗೆ 3 ಲೀಟರ್, ನಡುವೆ ಸಮನಾಗಿ ಏರುತ್ತದೆ ಎಂದು ಹಿಡಿಯಿರಿ. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ.

ಪೂರ್ತಿ ಲೋಡ್: 8.4 ಯೂನಿಟ್, 3 ಲೀಟರ್, ದಕ್ಷತೆ 28, ಯೂನಿಟ್‌ಗೆ ಸುಮಾರು 32 ರೂಪಾಯಿ
ಅರ್ಧ ಲೋಡ್: 4.2 ಯೂನಿಟ್, 2 ಲೀಟರ್, ದಕ್ಷತೆ 21, ಯೂನಿಟ್‌ಗೆ ಸುಮಾರು 43 ರೂಪಾಯಿ
ಕಾಲು ಲೋಡ್: 2.1 ಯೂನಿಟ್, 1.5 ಲೀಟರ್, ದಕ್ಷತೆ 14, ಯೂನಿಟ್‌ಗೆ ಸುಮಾರು 64 ರೂಪಾಯಿ

ಅದೇ ಎಂಜಿನ್, ಅದೇ ಡೀಸೆಲ್, ಆದರೆ ಯೂನಿಟ್‌ನ ಬೆಲೆ ಇಮ್ಮಡಿ! ನಾಲ್ಕು ಬಲ್ಬು, ಎರಡು ಫ್ಯಾನಿಗಾಗಿ ದೊಡ್ಡ ಜನರೇಟರ್ ಹಚ್ಚುವುದು ಒಂದು ಚೀಲ ಜೋಳ ಸಾಗಿಸಲು ಲಾರಿ ತಂದಂತೆ. "ದೊಡ್ಡದಿದ್ರ ಚಲೋ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕೆಲಸಕ್ಕೆ ತಕ್ಕ ಎಂಜಿನ್ ಇರಬೇಕು.

ಈ ಅಂಕಿಗಳನ್ನು ಆಲೇಖ ಕಾಗದದ ಮೇಲೆ ಬಿಡಿಸಿ. ಅಡ್ಡ ಅಕ್ಷದಲ್ಲಿ ಯೂನಿಟ್, ಲಂಬ ಅಕ್ಷದಲ್ಲಿ ಲೀಟರ್. ಸರಳರೇಖೆ ಬರುತ್ತದೆ. ಅದನ್ನು ಹಿಂದಕ್ಕೆ ಎಳೆದರೆ ಅಡ್ಡ ಅಕ್ಷವನ್ನು –4.2ರಲ್ಲಿ ಮುಟ್ಟುತ್ತದೆ. ಎಂಜಿನ್ ತನ್ನ ಘರ್ಷಣೆಗಾಗಿಯೇ ಗಂಟೆಗೆ 4.2 ಯೂನಿಟ್‌ಗೆ ಸಮನಾದ ಕೆಲಸ ಖರ್ಚು ಮಾಡುತ್ತಿದೆ ಎಂದು ಇದರ ಅರ್ಥ. ಎಂಜಿನ್ ಬಿಚ್ಚದೆಯೇ ಒಳಗಿನ ಘರ್ಷಣೆ ತಿಳಿಯುವ ಈ ವಿಧಾನಕ್ಕೆ ವಿಲನ್ಸ್ ರೇಖೆ ಎಂಬ ಹೆಸರಿದೆ.

ಯಲಹಂಕ ಮತ್ತು ಬೆಳಗಾವಿಯ ಪಾಠ

ಇದೇ ಎಂಜಿನ್ ಮನೆಯಷ್ಟು ದೊಡ್ಡದಾದರೆ? ಬೆಂಗಳೂರಿನ ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಡೀಸೆಲ್ ವಿದ್ಯುತ್ ಕೇಂದ್ರ 1990ರ ದಶಕದಲ್ಲಿ ಶುರುವಾಯಿತು. ಒಂದೊಂದೂ 21.32 ಮೆಗಾವಾಟ್‌ನ ಆರು ಘಟಕಗಳು, ಒಟ್ಟು ಸುಮಾರು 128 ಮೆಗಾವಾಟ್. ನಮಗೆ ಹತ್ತಿರದ ಬೆಳಗಾವಿಯಲ್ಲೂ ಟಾಟಾ ಪವರ್ ಕಂಪನಿಯ 81 ಮೆಗಾವಾಟ್‌ನ ಇಂಥದೇ ಕೇಂದ್ರ ಇತ್ತು.

ಇಷ್ಟು ದೊಡ್ಡ ಎಂಜಿನ್‌ಗಳ ದಕ್ಷತೆ ಸಾಮಾನ್ಯವಾಗಿ ನೂರಕ್ಕೆ 40 ದಾಟಿರುತ್ತದೆ. ಕಾರಣ ಎರಡು. ಸಿಲಿಂಡರ್ ದೊಡ್ಡದಾದಂತೆ ಅದರ ಘನಫಲ ಬೇಗ ಹೆಚ್ಚುತ್ತದೆ, ಉಷ್ಣ ಸೋರುವ ಗೋಡೆಯ ಕ್ಷೇತ್ರಫಲ ಅಷ್ಟು ಬೇಗ ಹೆಚ್ಚುವುದಿಲ್ಲ. ಒಂದು ಸಣ್ಣ ಲೋಟದ ಚಹಾ ಬೇಗ ಆರುತ್ತದೆ, ದೊಡ್ಡ ಪಾತ್ರೆಯದು ನಿಧಾನ – ಅದೇ ಗಣಿತ. ಎರಡನೆಯದು ಟರ್ಬೋಚಾರ್ಜರ್. ಹೊರಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದರಿಂದ ಒಳಗೆ ಹೆಚ್ಚು ಗಾಳಿ ತುರುಕುತ್ತಾರೆ. ವಹಿಯಲ್ಲಿ "ಹೊಗೆ" ಎಂದು ಕಳೆದದ್ದರಲ್ಲಿ ಒಂದಿಷ್ಟು ಮರಳಿ ಸಿಗುತ್ತದೆ.

ಈಗ ನಮ್ಮ ಲೆಕ್ಕವನ್ನೇ ಹಚ್ಚಿ ನೋಡೋಣ. ದಕ್ಷತೆ 43 ಎಂದು ಹಿಡಿದರೆ ಒಂದು ಯೂನಿಟ್‌ಗೆ 3.6 ÷ 0.43 = ಸುಮಾರು 8.4 ಮೆಗಾಜೂಲ್ ಬೇಕು. ಇಂಥ ಕೇಂದ್ರಗಳಲ್ಲಿ ಉರಿಸುವ ದಪ್ಪ ಎಣ್ಣೆಯ ಕ್ಯಾಲೊರಿ ಮೌಲ್ಯ ಕಿಲೋಗ್ರಾಂಗೆ ಸುಮಾರು 40 ಮೆಗಾಜೂಲ್. ಹಾಗಾಗಿ ಯೂನಿಟ್‌ಗೆ 210 ಗ್ರಾಂ. 128 ಮೆಗಾವಾಟ್ ದಿನವಿಡೀ ಓಡಿದರೆ ಸುಮಾರು 30.7 ಲಕ್ಷ ಯೂನಿಟ್, ಅದಕ್ಕೆ ಸುಮಾರು 645 ಟನ್ ಎಣ್ಣೆ. 20 ಟನ್ ಹಿಡಿಯುವ ಟ್ಯಾಂಕರ್ ಆದರೆ ದಿನಕ್ಕೆ ಮೂವತ್ತೆರಡು!

ಒಳ್ಳೆಯ ದಕ್ಷತೆ ಇದ್ದರೂ ಇಂಥ ಕೇಂದ್ರಗಳು ಬಾಳಲಿಲ್ಲ. ಎಣ್ಣೆ ಹೊರದೇಶದಿಂದ ಬರಬೇಕು, ಬೆಲೆ ಏರಿದಂತೆ ಯೂನಿಟ್‌ನ ಬೆಲೆಯೂ ಏರುತ್ತದೆ. ಯಲಹಂಕದಲ್ಲಿ ಈಗ 370 ಮೆಗಾವಾಟ್‌ನ ಅನಿಲ ಕೇಂದ್ರ ಬಂದಿದೆ. ಅಲ್ಲಿ ಟರ್ಬೈನಿನ ಬಿಸಿ ಹೊಗೆಯಿಂದ ಉಗಿ ಮಾಡಿ, ಆ ಉಗಿಯಿಂದ ಮತ್ತೊಂದು ಟರ್ಬೈನ್ ತಿರುಗಿಸುತ್ತಾರೆ. ಹೀಗೆ ಎರಡು ಸಲ ದುಡಿಸುವ ಕೇಂದ್ರಗಳು ನೂರಕ್ಕೆ 50 ದಾಟುತ್ತವೆ. ಒಂದು ಯಂತ್ರ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ದಕ್ಷತೆ ಬೇಕು, ಆದರೆ ಅದೊಂದೇ ಸಾಲದು. ಇಂಧನದ ಬೆಲೆ, ಹೊಗೆ – ಇವನ್ನೂ ಲೆಕ್ಕಕ್ಕೆ ಸೇರಿಸಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ.

ನಮ್ಮ ಬಾವಿಯ ಲೆಕ್ಕ

ಜತ್ ಭಾಗದವರಿಗೆ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ನೀರಿನದು. ಎಂಜಿನ್ನಿನ ದಕ್ಷತೆ 30, ಪಂಪ್ ಮತ್ತು ಪೈಪಿನದು ಸೇರಿ 50 ಎಂದು ಹಿಡಿಯೋಣ. ಒಂದು ಲೀಟರ್ ಡೀಸೆಲ್‌ನ 36 ಮೆಗಾಜೂಲ್‌ನಲ್ಲಿ ಎಂಜಿನ್ ಕೊಡುವುದು 10.8. ಅದರಲ್ಲಿ ನೀರಿಗೆ ತಲುಪುವುದು ಅರ್ಧ, 5.4 ಮೆಗಾಜೂಲ್, ಅಂದರೆ 54 ಲಕ್ಷ ಜೂಲ್. ಒಟ್ಟು ದಕ್ಷತೆ ನೂರಕ್ಕೆ 15 ಮಾತ್ರ.

ಒಂದು ಲೀಟರ್ ನೀರನ್ನು 20 ಮೀಟರ್ ಎತ್ತಲು 1 × 9.8 × 20 = 196 ಜೂಲ್ ಬೇಕು. 54 ಲಕ್ಷವನ್ನು 196ರಿಂದ ಭಾಗಿಸಿ: ಸುಮಾರು 27,500 ಲೀಟರ್ ನೀರು. ನೀರು 40 ಮೀಟರಿಗೆ ಇಳಿದರೆ ಅದೇ ಒಂದು ಲೀಟರ್ ಡೀಸೆಲ್‌ಗೆ ಸಿಗುವುದು ಸುಮಾರು 13,800 ಲೀಟರ್.

ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಲು ಸುಮಾರು 1 ಲಕ್ಷ 3 ಸಾವಿರ ಲೀಟರ್ ಬೇಕು. 20 ಮೀಟರ್ ಆಳದಿಂದ ಎತ್ತಿದರೆ 3.7 ಲೀಟರ್ ಡೀಸೆಲ್, 40 ಮೀಟರ್‌ನಿಂದಾದರೆ 7.5 ಲೀಟರ್. ಅಂತರ್ಜಲ ಕುಸಿಯಿತು ಎಂದು ಪೇಪರಿನಲ್ಲಿ ಓದುತ್ತೀರಲ್ಲ, ಅದರ ಅರ್ಥ ರೈತನ ಕಿಸೆಯಲ್ಲಿ ಹೀಗೆ ಕಾಣುತ್ತದೆ: ಅದೇ ಎಕರೆಗೆ, ಅದೇ ನೀರಿಗೆ, ಇಮ್ಮಡಿ ಎಣ್ಣೆ. ನಾಲಾ ಬಂಡಿಂಗ್, ಕೆರೆಯ ಹೂಳೆತ್ತುವುದು, ಮಳೆನೀರು ಇಂಗಿಸುವುದು – ಇವೆಲ್ಲ ನೀರು ಉಳಿಸುವ ಕೆಲಸ ಅಷ್ಟೇ ಅಲ್ಲ, ಡೀಸೆಲ್ ಮತ್ತು ಕರೆಂಟ್ ಉಳಿಸುವ ಕೆಲಸವೂ ಹೌದು. ಮೈಸಾಳದಿಂದ ಕೃಷ್ಣೆಯ ನೀರನ್ನು ಹಂತ ಹಂತವಾಗಿ ನಮ್ಮ ಕಡೆ ಎತ್ತುವ ಯೋಜನೆಯ ಕರೆಂಟ್ ಬಿಲ್ಲಿನ ಹಿಂದೆಯೂ ಇದೇ ರಾಶಿ × ಗುರುತ್ವ × ಎತ್ತರ ಕೂತಿದೆ.

ಒಂದು ಎಚ್ಚರಿಕೆಯ ಮಾತು. ಮೇಲೆ ಇಟ್ಟ ಪಂಪ್ ಆರೇಳು ಮೀಟರಿಗಿಂತ ಆಳದ ನೀರನ್ನು ಎಳೆಯಲಾರದು, ಏಕೆಂದರೆ ನೀರನ್ನು ಮೇಲಕ್ಕೆ ದೂಡುವುದು ವಾತಾವರಣದ ಒತ್ತಡ. ಅದಕ್ಕಾಗಿ ಕೆಲವರು ಎಂಜಿನ್ನನ್ನೇ ಬಾವಿಯೊಳಗೆ ಇಳಿಸುತ್ತಾರೆ. ಇದು ಪ್ರಾಣಕ್ಕೇ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾವಿಯಲ್ಲಿ ಅದು ಹೊರಹೋಗದೆ ಉಳಿಯುತ್ತದೆ, ಇಳಿದವರು ಕೂಗುವ ಮೊದಲೇ ಮೂರ್ಛೆ ಹೋಗುತ್ತಾರೆ. ಎಂಜಿನ್ ಓಡಿದ ಬಾವಿಗೆ, ಮುಚ್ಚಿದ ಕೋಣೆಗೆ ಯಾರನ್ನೂ ಇಳಿಯಲು, ಒಳಹೋಗಲು ಬಿಡಬೇಡಿ.

ಮಾಡಿ ನೋಡಿ

ನಿಮ್ಮ ಊರಿನ ಒಂದು ಎಂಜಿನ್ ಅಥವಾ ಜನರೇಟರ್ ಆರಿಸಿಕೊಳ್ಳಿ. ಒಡೆಯರ ಒಪ್ಪಿಗೆ ಪಡೆದು, ದೊಡ್ಡವರು ಜೊತೆಗಿದ್ದಾಗ ಮಾತ್ರ ಅಳತೆ ಮಾಡಿ. ಬೆಲ್ಟ್ ಮತ್ತು ಹೊಗೆ ಕೊಳವೆಯ ಹತ್ತಿರ ಹೋಗಬೇಡಿ, ಡೀಸೆಲ್ ತುಂಬುವುದನ್ನು ದೊಡ್ಡವರೇ ಮಾಡಲಿ. ಏರ್ ಫಿಲ್ಟರ್ ಸ್ವಚ್ಛ ಮಾಡುವ ಮೊದಲು ಒಮ್ಮೆ, ಮಾಡಿದ ಮೇಲೆ ಒಮ್ಮೆ ಗಂಟೆಯ ಎಣ್ಣೆ ಅಳೆದು ವಹಿಯಲ್ಲಿ ಬರೆಯಿರಿ. ವ್ಯತ್ಯಾಸ ಬಂದರೆ ಒಡೆಯರಿಗೆ ತೋರಿಸಿ. ಎಂಟನೇ, ಒಂಬತ್ತನೇ, ಹತ್ತನೇ ಇಯತ್ತೆಯವರು ಗುಂಪು ಮಾಡಿಕೊಂಡರೆ ಒಳ್ಳೆಯ ಪ್ರಕಲ್ಪವಾಗುತ್ತದೆ.

ಈ ಲೆಕ್ಕಗಳನ್ನು ಈಗಲೇ ಬಿಡಿಸಿ:

1. ಒಂದು ಜನರೇಟರ್ 2 ಗಂಟೆಯಲ್ಲಿ 5 ಲೀಟರ್ ಡೀಸೆಲ್ ಉರಿಸಿ 13 ಯೂನಿಟ್ ಕೊಟ್ಟಿತು. ದಕ್ಷತೆ ಎಷ್ಟು?
2. ಎಂಜಿನ್ನಿನ ಬಿಸಿನೀರು 15 ಲೀಟರ್ ಬಕೆಟನ್ನು 3 ನಿಮಿಷದಲ್ಲಿ ತುಂಬುತ್ತದೆ. ಉಷ್ಣತೆಯ ಏರಿಕೆ 20 ಡಿಗ್ರಿ. ಗಂಟೆಗೆ ಎಷ್ಟು ಯೂನಿಟ್ ಉಷ್ಣ ನೀರಿನ ಜೊತೆ ಹೋಯಿತು?
3. ಒಟ್ಟು ದಕ್ಷತೆ 15 ಇದ್ದರೆ, ಒಂದು ಲೀಟರ್ ಡೀಸೆಲ್‌ನಿಂದ 30 ಮೀಟರ್ ಆಳದ ಎಷ್ಟು ನೀರು ಎತ್ತಬಹುದು?

ಉತ್ತರಗಳು: 1) ನೂರಕ್ಕೆ 26. 2) 7 ಯೂನಿಟ್. 3) ಸುಮಾರು 18,400 ಲೀಟರ್.